ಜಿದ್ದಾದ ಕಾರ್ಡು ಆಳಂದದಲ್ಲಿ ಯಾಕೆ ನಡೆಯಲಿಲ್ಲ?

ಕಳೆದ ರಮ್ಜಾನ್ ಈದ್‌ಗೆ ಜಿದ್ದಾದಲ್ಲಿರುವ ನಮ್ಮ ಮಾಮು ನನ್ನ ತಂಗಿಗೆ ಈದಿ ಎಂದು ಒಂದು ಗಿಫ್ಟ್ ಕಾರ್ಡ್ ಕಳಿಸಿದರು. ಕಾರ್ಡ್ ಅಂಚೆಯಲ್ಲಿ ಬರಲಿಲ್ಲ. ಅಲ್ಲಿಯ ಅಂಗಡಿಯಲ್ಲಿ 50 ರಿಯಾಲ್ ಕೊಟ್ಟು ಕೊಂಡು, ಹಿಂದಿನ ಪಟ್ಟಿ ಕೆರೆದು, ನಂಬರಿನ ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕಿದ್ದರು. ನಮ್ಮ ಲೆಕ್ಕದಲ್ಲಿ ಅದು 1,100 ರೂಪಾಯಿಗೂ ಮೇಲೆ. ತಂಗಿ ಪಿಯುಸಿ ಸೈನ್ಸ್ ಓದುತ್ತಿದ್ದಾಳೆ, ನೀಟ್ ಬರೆಯುವ ಆಸೆ. ಮನುಷ್ಯನ ಎಲುಬು, ನರ, ರಕ್ತನಾಳಗಳನ್ನು ಎಲ್ಲ ಕಡೆಯಿಂದ ತಿರುಗಿಸಿ ತೋರಿಸುವ ಒಂದು ಆ್ಯಪ್ ಅವಳಿಗೆ ಬೇಕಿತ್ತು. ಕೋಚಿಂಗ್‌ಗೆ ಕಳಿಸುವಷ್ಟು ಅನುಕೂಲ ಮನೆಯಲ್ಲಿಲ್ಲ, ಇದಾದರೂ ಆಗಲಿ ಎಂದು ಮಾಮು ಕಳಿಸಿದ್ದರು.

ನಂಬರು ಹಾಕಿದೆವು. ಈ ಕಾರ್ಡು ನಿಮ್ಮ ದೇಶದಲ್ಲಿ ನಡೆಯುವುದಿಲ್ಲ ಎಂದು ಬಂತು. ಮತ್ತೆ ಹಾಕಿದೆವು, ಮತ್ತೆ ಅದೇ. ತಂಗಿ ಏನೂ ಅನ್ನಲಿಲ್ಲ, ಫೋನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ರಾತ್ರಿ ಮಾಮು ಫೋನು ಮಾಡಿ, "ರೊಕ್ಕ ಎಣಿಸಿ ಕೊಟ್ಟೀನಲ್ಲ, ಮತ್ಯಾಕ ನಡೀವಲ್ದು? ನಂದೇನ್ ಖೋಟಾ ನೋಟಾ?" ಎಂದರು. ಅವರಿಗೆ ಹೇಳಲು ನನ್ನ ಬಳಿ ಉತ್ತರ ಇರಲಿಲ್ಲ. ಆ ಉತ್ತರ ಹುಡುಕುತ್ತ ಹೋದಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಾಲೇಜಿನಲ್ಲಿ ಗಲ್ಫ್‌ನಲ್ಲಿ ಮಾಮುನೋ ಚಾಚಾನೋ ಇಲ್ಲದ ಮನೆಗಳು ಕಡಿಮೆ, ಹಾಗಾಗಿ ಬೇರೆಯವರಿಗೂ ಉಪಯೋಗವಾದೀತು.

ಮೊದಲು ನಮ್ಮ ಎಕನಾಮಿಕ್ಸ್ ಸರ್ ಅವರನ್ನು ಕೇಳಿದೆ. ಅವರು ಉತ್ತರ ಹೇಳುವ ಬದಲು, "ನಿಮ್ಮ ಅಬ್ಬಾ ಅಡತಿ ಅಂಗಡಿಯಲ್ಲಿ ಲೆಕ್ಕ ಬರೀತಾರಲ್ಲ, ಸೋಲಾಪುರದಲ್ಲಿ ತೊಗರಿಗೆ ರೇಟು ಜಾಸ್ತಿ ಆದರೆ ಏನಾಗ್ತದೆ ಅಂತ ಅವರನ್ನು ಕೇಳಿಕೊಂಡು ಬಾ" ಎಂದರು.

ಅಬ್ಬಾ ಹೇಳಿದ್ದು ಹೀಗೆ. ಇಲ್ಲಿಗಿಂತ ಸೋಲಾಪುರದಲ್ಲೋ ಲಾತೂರಿನಲ್ಲೋ ಕ್ವಿಂಟಲಿಗೆ 300 ರೂಪಾಯಿ ಹೆಚ್ಚಿದೆ ಎಂದು ಫೋನು ಬಂತು ಎನ್ನಿ. ಗಾಡಿ ಬಾಡಿಗೆ, ಹಮಾಲಿ, ಚೀಲ ಎಲ್ಲ ಕಳೆದು ನೂರು ಉಳಿದರೂ ಸಾಕು, ಸಂಜೆಯೊಳಗೆ ಲಾರಿ ಹೊರಡುತ್ತದೆ. ನಾಲ್ಕು ದಿನದಲ್ಲಿ ಅಲ್ಲಿ ಮಾಲು ಹೆಚ್ಚಾಗಿ ರೇಟು ಇಳಿಯುತ್ತದೆ, ಇಲ್ಲಿ ಮಾಲು ಕಡಿಮೆಯಾಗಿ ರೇಟು ಏರುತ್ತದೆ. ಕೊನೆಗೆ ಎರಡು ಊರಿನ ರೇಟಿನ ನಡುವೆ ಉಳಿಯುವುದು ಸಾಗಾಟದ ಖರ್ಚು ಮಾತ್ರ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದೂ ಜಾಗಕ್ಕೆ ಕಟ್ಟುವುದೇ, ಆದರೆ ಕಟ್ಟುವುದು ಹೆಸರನ್ನು. ಬೇಳೆಯನ್ನು ಯಾರು ಎಲ್ಲಿಗೆ ಬೇಕಾದರೂ ಒಯ್ದು ಮಾರಬಹುದು.

ಮರುದಿನ ಇದನ್ನು ಹೇಳಿದಾಗ ಸರ್, "ಹಾಗಾದರೆ ಒಂದೇ ಮಾಲನ್ನು ಎರಡು ಊರಲ್ಲಿ ಎರಡು ಬೆಲೆಗೆ ಮಾರಬೇಕು ಅಂದುಕೊಂಡವನು ಮೊದಲು ಏನು ಮಾಡಬೇಕು?" ಎಂದು ಕೇಳಿದರು. ಲಾರಿ ತಡೆಯಬೇಕು ಎಂದೆ. "ಅಷ್ಟೇ. ನಿಮ್ಮ ಮಾಮೂದು ಆ ಲಾರಿ" ಎಂದರು.

ಒಂದೇ ವಸ್ತುವನ್ನು ಬೇರೆಬೇರೆ ಜನರಿಗೆ ಬೇರೆಬೇರೆ ಬೆಲೆಗೆ ಮಾರುವುದಕ್ಕೆ ಅರ್ಥಶಾಸ್ತ್ರದಲ್ಲಿ ಬೆಲೆ ತಾರತಮ್ಯ ಎನ್ನುತ್ತಾರೆ. ಹೆಸರು ಕೇಳಿದರೆ ಕೆಟ್ಟದ್ದು ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಕಾಗದದ ಮೇಲೆ ಲೆಕ್ಕ ಹಾಕಿದ ಮೇಲೆ ಅಭಿಪ್ರಾಯ ಬದಲಾಯಿತು. ಆ ಲೆಕ್ಕವನ್ನು ನೀವೂ ಹಾಕಿ ನೋಡಿ. ಇವು ನಾನು ಕಲ್ಪಿಸಿಕೊಂಡ ಅಂಕಿಗಳು.

ತೊಗರಿ ಒಂದು ಕ್ವಿಂಟಲ್ ಹೆಚ್ಚು ಬೇಕೆಂದರೆ ಹೊಲ, ಬೀಜ, ಮಳೆ, ಆಳು ಎಲ್ಲ ಬೇಕು. ಆ್ಯಪ್ ಹಾಗಲ್ಲ. ಮೊದಲನೆಯ ಪ್ರತಿ ಮಾಡಲು ಕೋಟಿ ಖರ್ಚಾಗಬಹುದು, ಎರಡನೆಯ ಪ್ರತಿಗೆ ಹೆಚ್ಚುಕಡಿಮೆ ಏನೂ ಖರ್ಚಿಲ್ಲ. ಈಗ ಒಂದು ಆ್ಯಪನ್ನು ಅಮೆರಿಕದಲ್ಲಿ 4,000 ರೂಪಾಯಿಗೆ ಸಮನಾದ ಬೆಲೆಗೆ 1,000 ಜನ ಕೊಳ್ಳುತ್ತಾರೆ ಎನ್ನಿ. ಅಲ್ಲಿಗೆ 40 ಲಕ್ಷ. ಅದೇ 4,000ಕ್ಕೆ ನಮ್ಮಲ್ಲಿ ಕೊಳ್ಳುವವರು 20 ಜನ, ಬರುವುದು 80 ಸಾವಿರ. ನಮ್ಮಲ್ಲಿ 400ಕ್ಕೆ ಇಟ್ಟರೆ 1,000 ಜನ ಕೊಳ್ಳುತ್ತಾರೆ, 4 ಲಕ್ಷ. ಎರಡು ಬೆಲೆ ಇಟ್ಟರೆ ಕಂಪನಿಗೆ ಒಟ್ಟು 44 ಲಕ್ಷ. ಎಲ್ಲರಿಗೂ 4,000 ಎಂದರೆ 40 ಲಕ್ಷ 80 ಸಾವಿರ. ಎಲ್ಲರಿಗೂ 400 ಎಂದರೆ, ಅಮೆರಿಕದಲ್ಲಿ ಇನ್ನೂ 200 ಜನ ಹೆಚ್ಚು ಕೊಂಡರೂ, 8 ಲಕ್ಷ 80 ಸಾವಿರ. ಎರಡು ಬೆಲೆ ಇಡಬಾರದು ಎಂದು ಯಾರಾದರೂ ಕಟ್ಟಪ್ಪಣೆ ಮಾಡಿದರೆ ಕಂಪನಿ ಯಾವ ಬೆಲೆ ಆರಿಸಿಕೊಳ್ಳುತ್ತದೆ? 4,000. ಆಗ ಅಮೆರಿಕದವರಿಗೆ ಏನೂ ಆಗುವುದಿಲ್ಲ. ಹೊರಗೆ ಉಳಿಯುವವರು ನಮ್ಮ ಕಡೆಯ 980 ಜನ.

ಇದು ಬರೀ ಕಾಗದದ ಲೆಕ್ಕವೂ ಅಲ್ಲ. ನೆಟ್‌ಫ್ಲಿಕ್ಸ್ 2016ರ ಜನವರಿಯಲ್ಲಿ ಭಾರತಕ್ಕೆ ಬಂದಾಗ ಕನಿಷ್ಠ ಬೆಲೆ ತಿಂಗಳಿಗೆ 500 ರೂಪಾಯಿ ಇತ್ತು. (ನಮ್ಮ ಹಾಸ್ಟೆಲ್ ವಾರ್ಡನ್ ಸಾಹೇಬರಿಗೆ ಮನವಿ: ಉದಾಹರಣೆಗೆ ಮಾತ್ರ ಹೇಳುತ್ತಿದ್ದೇನೆ.) 2019ರ ಜುಲೈಯಲ್ಲಿ ಮೊಬೈಲಿನಲ್ಲಿ ಮಾತ್ರ ನೋಡುವ 199 ರೂಪಾಯಿಯ ಪ್ಲ್ಯಾನ್ ತಂದರು. 2021ರ ಡಿಸೆಂಬರಿನಲ್ಲಿ ಅದನ್ನು 149ಕ್ಕೆ ಇಳಿಸಿದರು. ಚಿತ್ರಗಳು ಅವೇ, ಕಂಪನಿ ಅದೇ. 500ಕ್ಕೆ ನಮ್ಮ ಜನ ಸಾಲದು ಎಂದು ಅವರಿಗೆ ಅರ್ಥವಾಗಲು ಐದಾರು ವರ್ಷ ಹಿಡಿಯಿತು.

ಕಡಿಮೆ ಬೆಲೆ ಉಳಿಯಬೇಕಾದರೆ ಗೋಡೆ ಬೇಕು. ಇಲ್ಲದಿದ್ದರೆ ಅಮೆರಿಕದವನೂ ನಮ್ಮ ಕಡೆಯಿಂದಲೇ 400ಕ್ಕೆ ತರಿಸಿಕೊಳ್ಳುತ್ತಾನೆ. ಡಿಜಿಟಲ್ ಮಾಲಿಗೆ ಲಾರಿ ಬಾಡಿಗೆಯೂ ಇಲ್ಲ. ಹಾಗಾದರೆ ನಾವು ಯಾವ ಗೋಡೆಯ ಒಳಗಿದ್ದೇವೆ ಎಂದು ಕಂಪನಿಗೆ ಗೊತ್ತಾಗುವುದು ಹೇಗೆ? ನಮ್ಮ ಫೋನು ಇಂಟರ್ನೆಟ್‌ಗೆ ಸೇರಿದಾಗ ಅದಕ್ಕೊಂದು ಐಪಿ ವಿಳಾಸ ಸಿಗುತ್ತದೆ. ಯಾವ ನಂಬರುಗಳು ಯಾವ ದೇಶದ ಕಂಪನಿಗಳಿಗೆ ಸೇರಿದ್ದು ಎಂಬ ಪಟ್ಟಿ ಇರುವುದರಿಂದ ದೇಶ ತಿಳಿಯುತ್ತದೆ. ಇದು ಬಾಗಿಲಿನ ಚಿಲಕ ಇದ್ದಂತೆ, ಸುಲಭವಾಗಿ ತೆಗೆಯಬಹುದು. ವಿಪಿಎನ್ ಹಾಕಿದರೆ ನೀವು ಜೇವರ್ಗಿಯಲ್ಲಿ ಕುಳಿತು ಇಸ್ತಾಂಬುಲಿನಲ್ಲಿರುವಂತೆ ಕಾಣುತ್ತೀರಿ. ನಿಜವಾದ ಬೀಗ ಇರುವುದು ಹಣ ಕೊಡುವ ಕಡೆ. ಎಟಿಎಂ ಕಾರ್ಡಿನ ಮೊದಲ ಆರೆಂಟು ಅಂಕಿ ನೋಡಿದರೆ ಅದು ಯಾವ ದೇಶದ ಯಾವ ಬ್ಯಾಂಕಿನದು ಎಂದು ಗೊತ್ತಾಗುತ್ತದೆ. ಅಕೌಂಟ್ ತೆರೆದಾಗಲೇ ದೇಶ ನಮೂದಾಗಿರುತ್ತದೆ. ದೊಡ್ಡ ಆ್ಯಪ್ ಅಂಗಡಿಗಳಲ್ಲಿ ಅದನ್ನು ಮನಸ್ಸಿಗೆ ಬಂದಾಗ ಬದಲಿಸಲು ಬಿಡುವುದಿಲ್ಲ. ಒಂದು ಕಡೆ ವರ್ಷಕ್ಕೆ ಒಮ್ಮೆ ಮಾತ್ರ, ಇನ್ನೊಂದು ಕಡೆ ಇದ್ದ ಹಣವೆಲ್ಲ ಖರ್ಚಾದ ಮೇಲೆ ಮಾತ್ರ. ಗಿಫ್ಟ್ ಕಾರ್ಡು ಯಾವ ದೇಶದಲ್ಲಿ ಮಾರಾಟವಾಯಿತೋ ಆ ದೇಶದ ಅಕೌಂಟಿಗೇ ಸಲ್ಲುತ್ತದೆ. ಮಾಮು ಕೊಟ್ಟದ್ದು ಖೋಟಾ ನೋಟಲ್ಲ, ಸೌದಿ ಅಂಗಡಿಯ ಚೀಟಿ. ಅಂಗಡಿಯ ಹೆಸರು ಇಲ್ಲಿಯೂ ಅದೇ ಇರುವುದರಿಂದ ನಾವು ಮೋಸಹೋದೆವು.

ಗೋಡೆಯ ಈ ಕಡೆಯಿಂದಲೂ ಒಂದಷ್ಟು ಕಲ್ಲು ಇದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಮಾರ್ಚ್ 16ರ ನಂತರ ಕೊಡುವ ಹೊಸ ಕಾರ್ಡುಗಳು ಮೊದಲಿಗೆ ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಸ್ವೈಪ್ ಮೆಷಿನ್‌ಗಳಲ್ಲಿ ಮಾತ್ರ ನಡೆಯುತ್ತವೆ. ವಿದೇಶಿ ವ್ಯವಹಾರಕ್ಕೆ ನಾವೇ ಅನುಮತಿ ಹಾಕಿಕೊಳ್ಳಬೇಕು. ಪ್ರತಿ ತಿಂಗಳು ತಾನಾಗಿ ಹಣ ಕಡಿತವಾಗುವ ಚಂದಾಗಳಿಗೆ 2021ರ ಅಕ್ಟೋಬರ್ 1ರಿಂದ ಬೇರೆಯೇ ನಿಯಮ ಬಂತು. ಕಡಿತಕ್ಕೆ ಮುಂಚೆ ಮೆಸೇಜು ಬರಬೇಕು, ಮಿತಿ ಮೀರಿದರೆ ಒಟಿಪಿ ಬೇಕು. ಇದರಿಂದ ಕೆಲವು ವಿದೇಶಿ ಸೇವೆಗಳಿಗೆ ನಮ್ಮ ಕಾರ್ಡುಗಳು ನಿಂತುಹೋದದ್ದು ನಿಜ. ಆದರೂ ಈ ಕಲ್ಲುಗಳ ಬಗ್ಗೆ ನನಗೆ ದೂರಿಲ್ಲ. ಗೊತ್ತಿಲ್ಲದೆ ಅಬ್ಬಾನ ಅಕೌಂಟಿನಿಂದ ಹಣ ಹೋಗುವುದಕ್ಕಿಂತ ಒಂದು ಒಟಿಪಿ ಹಾಕುವುದು ಮೇಲು.

ಇದೆಲ್ಲ ಇಂಟರ್ನೆಟ್ ಬಂದ ಮೇಲಿನ ಕಥೆ ಎಂದುಕೊಂಡಿದ್ದೆ. ನನ್ನ ರೂಮಿನಲ್ಲಿರುವ ಅಫಜಲಪುರದ ಗೆಳೆಯ ಅಲ್ಲ ಎಂದ. ಅವನ ಊರು ಬಳೂರ್ಗಿ ಹತ್ತಿರ, ಗಡಿ ದಾಟಿದರೆ ದುಧನಿ, ಅಕ್ಕಲಕೋಟ. ಅವನ ಅಜ್ಜಿ ಅಂಗಳದಲ್ಲಿ ನಿಂತರೆ ಫೋನು ಕರ್ನಾಟಕದ ಟವರ್ ಹಿಡಿಯುತ್ತಿತ್ತಂತೆ, ಮಾಳಿಗೆ ಹತ್ತಿದರೆ ಮಹಾರಾಷ್ಟ್ರದ ಟವರ್. ಟೆಲಿಕಾಂ ಲೆಕ್ಕದಲ್ಲಿ ಎರಡೂ ಬೇರೆಬೇರೆ ಸರ್ಕಲ್. ಮಾಳಿಗೆಯ ಮೇಲೆ ಬಂದ ಕರೆಗೆ ರೋಮಿಂಗ್ ಹಣ ಹೋಗುತ್ತಿತ್ತು. ಮನೆಯಲ್ಲೇ ಇದ್ದು ಪರರಾಜ್ಯದಲ್ಲಿದ್ದಂತೆ. ನಮ್ಮ ಆಳಂದ ತಾಲೂಕಿನ ಖಜೂರಿ, ಹಿರೋಳಿ ಕಡೆಯವರೂ ಇದನ್ನು ಉಂಡವರೇ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ದೇಶದೊಳಗೆ ರೋಮಿಂಗ್ ಶುಲ್ಕವೇ ಇಲ್ಲ ಎಂದಿತು. ಏರ್‌ಟೆಲ್ 2017ರ ಏಪ್ರಿಲ್ 1ರಿಂದ ತಾನೂ ತೆಗೆದುಹಾಕಿತು. ಎಷ್ಟೋ ವರ್ಷ ಇದ್ದ ಗೋಡೆ ಒಂದು ಪೈಪೋಟಿಯ ಗಾಳಿಗೆ ಆರೇಳು ತಿಂಗಳಲ್ಲಿ ಬಿತ್ತು. ಅಂದರೆ ಎಲ್ಲ ಗೋಡೆಗಳೂ ಬಡವರಿಗಾಗಿ ಕಟ್ಟಿದ್ದಲ್ಲ. ಈ ಗೋಡೆಯಿಂದ ಗಡಿಯ ಯಾವ ಬಡವನಿಗೂ ಕಡಿಮೆ ಬೆಲೆ ಸಿಗಲಿಲ್ಲ.

ಪುಸ್ತಕದ ಗೋಡೆ ಇನ್ನೊಂದು ಥರದ್ದು. ನಮ್ಮ ಲೈಬ್ರರಿಯಲ್ಲಿ ದೊಡ್ಡ ವಿದೇಶಿ ಪ್ರಕಾಶಕರ ಫಿಸಿಕ್ಸ್, ಬಯಾಲಜಿ ಪುಸ್ತಕಗಳನ್ನು ತೆಗೆದು ಹಿಂಬದಿ ರಕ್ಷಾಪುಟ ನೋಡಿ. ಭಾರತ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾದಂಥ ದೇಶಗಳಲ್ಲಿ ಮಾತ್ರ ಮಾರಾಟಕ್ಕೆ ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಅಮೆರಿಕದಲ್ಲಿ ನೂರು ಡಾಲರಿಗೂ ಹೆಚ್ಚು ಬೆಲೆಯ ಪುಸ್ತಕ ನಮಗೆ ನೂರುಗಳ ರೂಪಾಯಿಯಲ್ಲಿ ಸಿಗುವುದು ಹೀಗೆ. ಕಾಗದ ತೆಳ್ಳಗೆ, ಚಿತ್ರ ಕಪ್ಪುಬಿಳುಪು, ಆದರೆ ಪಾಠ ಅದೇ.

ಈ ಅಗ್ಗದ ಪುಸ್ತಕಗಳನ್ನು ಹೊರಗೆ ಒಯ್ದು ಮಾರಿದವರೂ ಇದ್ದಾರೆ, ಪ್ರಕರಣ ಕೋರ್ಟಿಗೂ ಹೋಗಿದೆ. ದೆಹಲಿಯ ಕೆಲವು ಮಾರಾಟಗಾರರು ಇಲ್ಲಿಯ ಕಡಿಮೆ ಬೆಲೆಯ ಆವೃತ್ತಿಗಳನ್ನು ಆನ್‌ಲೈನಿನಲ್ಲಿ ವಿದೇಶಕ್ಕೆ ಮಾರುತ್ತಿದ್ದರು. ಜಾನ್ ವೈಲಿ ಎಂಬ ಪ್ರಕಾಶನ ಸಂಸ್ಥೆ ದಾವೆ ಹೂಡಿತು. 2010ರಲ್ಲಿ ದೆಹಲಿ ಹೈಕೋರ್ಟ್ ಹಾಗೆ ಮಾರುವಂತಿಲ್ಲ ಎಂದಿತು. ಅದೇ ವೈಲಿ ಸಂಸ್ಥೆ ಅಮೆರಿಕದಲ್ಲಿ ಸುಪಾಪ್ ಕಿರ್ತ್ಸೇಂಗ್ ಎಂಬ ಥಾಯ್ಲೆಂಡಿನ ವಿದ್ಯಾರ್ಥಿಯ ಮೇಲೂ ದಾವೆ ಹೂಡಿತ್ತು. ಅವನು ಓದಲು ಅಮೆರಿಕಕ್ಕೆ ಹೋದವನು. ಊರಿನಲ್ಲಿದ್ದ ಮನೆಯವರು, ಗೆಳೆಯರ ಕೈಯಲ್ಲಿ ಅಗ್ಗದ ಪಠ್ಯಪುಸ್ತಕ ಕೊಳ್ಳಿಸಿ, ತರಿಸಿ, ಇಬೇಯಲ್ಲಿ ಮಾರುತ್ತಿದ್ದ. ಕೆಳಗಿನ ಕೋರ್ಟು 6 ಲಕ್ಷ ಡಾಲರ್ ಪರಿಹಾರ ಹಾಕಿತ್ತು. 2013ರ ಮಾರ್ಚಿನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ 6–3ರ ಬಹುಮತದಲ್ಲಿ ಅವನ ಪರ ತೀರ್ಪು ಕೊಟ್ಟಿತು: ನ್ಯಾಯವಾಗಿ ಕೊಂಡ ಪ್ರತಿಯನ್ನು, ಅದು ಯಾವ ದೇಶದಲ್ಲಿ ಅಚ್ಚಾಗಿದ್ದರೂ, ಕೊಂಡವನು ಮಾರಬಹುದು. ಅಬ್ಬಾನ ತೊಗರಿಯ ನಿಯಮವೇ ಇದು.

ಹಾಗಾದರೆ ಕೊಂಡ ಇ-ಪುಸ್ತಕವನ್ನೂ ಮಾರಬಹುದಲ್ಲ ಎಂದು ನಾನು ಕೇಳಿದೆ. ಇಲ್ಲ. ಡಿಜಿಟಲ್ ಅಂಗಡಿಯಲ್ಲಿ ಕೊಳ್ಳು ಎಂಬ ಗುಂಡಿ ಒತ್ತಿದರೂ ಸಾಮಾನ್ಯವಾಗಿ ನಮಗೆ ಸಿಗುವುದು ಬಳಸಲು ಒಂದು ಪರವಾನಗಿ. ಪುಸ್ತಕ ನಮ್ಮದಾಗುವುದಿಲ್ಲ. ಹಾಡಿನ ಫೈಲುಗಳನ್ನು ಸೆಕೆಂಡ್‌ಹ್ಯಾಂಡ್ ಮಾರಲು ಹೊರಟ ರೀಡಿಜಿ ಎಂಬ ಕಂಪನಿಗೆ 2018ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟ್ ಅವಕಾಶ ಕೊಡಲಿಲ್ಲ, ಯುರೋಪಿನ ಕೋರ್ಟ್ 2019ರಲ್ಲಿ ಇ-ಪುಸ್ತಕಕ್ಕೂ ಹಾಗೇ ಹೇಳಿತು. ಕಾಗದದ ಪುಸ್ತಕಕ್ಕೆ ಗೋಡೆ ಕೆಡವಿದ ವಾದ ಪರದೆಯ ಪುಸ್ತಕಕ್ಕೆ ನಡೆಯುವುದಿಲ್ಲ. ನನ್ನ ಸೀನಿಯರ್‌ಗಳ ಗೈಡು ಅರ್ಧ ಬೆಲೆಗೆ ನನಗೆ ಬಂತು, ನನ್ನಿಂದ ಜೂನಿಯರ್‌ಗೆ ಹೋಗುತ್ತದೆ. ಅದೇ ಗೈಡು ಆ್ಯಪ್ ಆದರೆ ಪ್ರತಿ ವರ್ಷ ಪ್ರತಿಯೊಬ್ಬನೂ ಪೂರ್ತಿ ಬೆಲೆ ಕೊಡಬೇಕು. ಕಡಿಮೆ ಬೆಲೆ ಎಂದು ಜಾಹೀರಾತು ನೋಡಿದಾಗ ಇದನ್ನೂ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.

ಈಗ ಜೇವರ್ಗಿಯ ಗೆಳೆಯನ ವಿಷಯ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಟೆಲಿಗ್ರಾಂನಲ್ಲಿ ಒಬ್ಬ ವರ್ಷದ ಚಂದಾ 600 ರೂಪಾಯಿಗೆ, ಟರ್ಕಿ ಅಕೌಂಟ್, ಗ್ಯಾರಂಟಿ ಎಂದು ಹಾಕಿದ್ದ. ಇವನು ಯುಪಿಐನಲ್ಲಿ ಕಳಿಸಿದ. ಐಡಿ, ಪಾಸ್‌ವರ್ಡ್ ಬಂತು, ಮೂರು ವಾರ ನಡೆಯಿತು. ನಾಲ್ಕನೆಯ ವಾರ ಪಾಸ್‌ವರ್ಡ್ ಬದಲಾಗಿತ್ತು, ಮಾರಿದವನು ಬ್ಲಾಕ್ ಮಾಡಿದ್ದ. ದೂರು ಕೊಡೋಣವೆಂದರೆ ಸೇವೆಯ ಕಂಪನಿಯ ಮುಂದೆ ಇವನೇ ಕರಾರು ಮುರಿದವನು. 600 ರೂಪಾಯಿ ಎಂದರೆ ಅವನ ಅಮ್ಮಿ ಹೊಲಿಗೆಯಲ್ಲಿ ಎಷ್ಟು ದಿನ ದುಡಿಯಬೇಕು ಎಂದು ಅವನೇ ಹೇಳಿದ, ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಟರ್ಕಿಯೇ ಏಕೆ? ಆ ದೇಶದ ನಾಣ್ಯವಾದ ಲಿರಾ ಡಾಲರಿನ ಮುಂದೆ ಬೀಳುತ್ತಲೇ ಇತ್ತು, ಡಿಜಿಟಲ್ ಅಂಗಡಿಗಳು ಅಲ್ಲಿ ಕಡಿಮೆ ಬೆಲೆ ಇಟ್ಟಿದ್ದವು. ಅರ್ಜೆಂಟೀನಾದಲ್ಲೂ ಹಾಗೇ. ಬೇರೆ ದೇಶದವರು ವಿಪಿಎನ್ ಹಾಕಿ, ಅಲ್ಲಿಯ ಗಿಫ್ಟ್ ಕಾರ್ಡ್ ಕೊಂಡು, ಆ ಅಂಗಡಿಗಳಿಗೆ ನುಗ್ಗಿದರು. 2023ರ ನವೆಂಬರ್ 20ರಿಂದ ಸ್ಟೀಮ್ ಎಂಬ ದೊಡ್ಡ ಗೇಮ್ ಅಂಗಡಿ ಎರಡೂ ದೇಶಗಳಲ್ಲಿ ಸ್ಥಳೀಯ ನಾಣ್ಯ ಬಿಟ್ಟು ಡಾಲರಿನಲ್ಲಿ ಬೆಲೆ ಇಟ್ಟಿತು. ಕಂಪನಿ ಹೇಳಿದ ಕಾರಣ ನಾಣ್ಯದ ಏರಿಳಿತ. ಹೊರಗಿನವರ ನುಗ್ಗಾಟವೂ ಎಲ್ಲರಿಗೂ ಗೊತ್ತಿದ್ದದ್ದೇ. ಹಲವು ಗೇಮುಗಳ ಬೆಲೆ ಒಂದೇ ರಾತ್ರಿಯಲ್ಲಿ ಎಷ್ಟೋ ಪಟ್ಟು ಏರಿತು. ನುಗ್ಗಿದವರು ತಮ್ಮ ತಮ್ಮ ದೇಶದ ಅಂಗಡಿಗೆ ವಾಪಸು ಹೋದರು. ಹೆಚ್ಚಿನ ಬೆಲೆ ಕಟ್ಟಬೇಕಾದವನು ಟರ್ಕಿಯ ಹುಡುಗ. ಸ್ಟೀಮ್ ನಮಗೆ ರೂಪಾಯಿಯಲ್ಲಿ ಬೆಲೆ ಇಡಲು ಶುರುಮಾಡಿದ್ದು 2015ರ ನವೆಂಬರಿನಲ್ಲಿ. ಬೇರೆಯವರ ಗೋಡೆ ಹಾರುವಾಗ ನಮಗೆ ಮೋಜು ಅನ್ನಿಸುತ್ತದೆ. ನಾಳೆ ಹೊರಗಿನವರು ನಮ್ಮ ಗೋಡೆ ಹಾರಿದರೆ ಹೋಗುವುದು ನಮ್ಮ ರೂಪಾಯಿ ಬೆಲೆ. ವಿಪಿಎನ್ ಬಳಸುವುದೇ ನಮ್ಮಲ್ಲಿ ಅಪರಾಧ ಎಂದು ಕೆಲವರು ಹೆದರಿಸುತ್ತಾರೆ, ಅದು ತಪ್ಪು. ಅಂಗಡಿಯ ಕರಾರು ಮುರಿದರೆ ಅಕೌಂಟ್ ಮುಚ್ಚಬಹುದು, ಅದರಲ್ಲಿ ಕೊಂಡದ್ದೆಲ್ಲ ಹೋಗಬಹುದು, ಅದು ಬೇರೆ ವಿಷಯ. ಒಪ್ಪಿದ ಕರಾರನ್ನು ಪಾಲಿಸಬೇಕೆಂದು ನಮಗೆ ಮನೆಯಲ್ಲೇ ಕಲಿಸಿದ್ದಾರೆ, ಅದನ್ನು ನಾನು ಇಲ್ಲಿ ಹೇಳಬೇಕಾಗಿಲ್ಲ.

ಹಾಗೆಂದು ಗೋಡೆ ಕಟ್ಟಿದವರೆಲ್ಲ ನ್ಯಾಯವಂತರು ಎಂದು ನಾನು ಹೇಳುತ್ತಿಲ್ಲ. ಯುರೋಪ್ ಒಕ್ಕೂಟದಲ್ಲಿ ಒಂದೇ ಮಾರುಕಟ್ಟೆ ಎಂಬ ಕಾನೂನಿದೆ. ಪೋಲೆಂಡ್, ಹಂಗೇರಿಯಂಥ ಪೂರ್ವದ ದೇಶಗಳಲ್ಲಿ ಕೊಂಡ ಅಗ್ಗದ ಗೇಮ್ ಬೇರೆ ಸದಸ್ಯ ದೇಶಗಳಲ್ಲಿ ನಡೆಯದಂತೆ ಬೀಗ ಹಾಕಿದ್ದಕ್ಕೆ ಸ್ಟೀಮ್ ನಡೆಸುವ ವಾಲ್ವ್ ಮತ್ತು ಐದು ಗೇಮ್ ಪ್ರಕಾಶಕರಿಗೆ 2021ರ ಜನವರಿಯಲ್ಲಿ ಒಟ್ಟು 78 ಲಕ್ಷ ಯೂರೋ ದಂಡ ಬಿತ್ತು. ಗೋಡೆ ಎಲ್ಲಿರಬೇಕು ಎಂಬುದನ್ನು ಕಂಪನಿ ಒಂದೇ ತೀರ್ಮಾನಿಸಬೇಕಾಗಿಲ್ಲ, ಕಾನೂನೂ ತೀರ್ಮಾನಿಸಬಹುದು ಎಂದು ಇದರಿಂದ ತಿಳಿಯುತ್ತದೆ.

ರೂಪಾಯಿ ಗುರುತು ಇದ್ದ ಮಾತ್ರಕ್ಕೆ ಅದು ನಮ್ಮ ಬೆಲೆ ಎಂದು ನಂಬಬೇಡಿ. ಚಾಟ್‌ಜಿಪಿಟಿ ಪ್ಲಸ್ ಅಮೆರಿಕದಲ್ಲಿ ತಿಂಗಳಿಗೆ 20 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೆ 1,700. ವಿದೇಶಿ ಡಿಜಿಟಲ್ ಸೇವೆಗೆ ಶೇ. 18 ಜಿಎಸ್‌ಟಿ ಸೇರಿಸಿದರೆ 2,006. ಭಾರತದ ಬೆಲೆ ಎಂದು ಇಟ್ಟದ್ದು 1,999. ಬದಲಾದದ್ದು ನಾಣ್ಯ ಮಾತ್ರ. ಅದೇ ಕಂಪನಿ 2025ರ ಆಗಸ್ಟ್‌ನಲ್ಲಿ 399 ರೂಪಾಯಿಯ ಗೋ ಎಂಬ ಚಂದಾ ತಂದಿತು, ಜಗತ್ತಿನಲ್ಲಿ ಮೊದಲು ತಂದದ್ದು ನಮ್ಮ ದೇಶಕ್ಕೇ. ನವೆಂಬರ್ 4ರಿಂದ ಸೇರಿದವರಿಗೆ ಅದನ್ನೂ ಒಂದು ವರ್ಷ ಪುಕ್ಕಟೆ ಎಂದಿತು. ಮೊದಲನೆಯದಕ್ಕಿಂತ ಎರಡನೆಯದು ನಿಜವಾದ ಪ್ರಾದೇಶಿಕ ಬೆಲೆ. ಪುಕ್ಕಟೆ ಯಾಕೆ ಕೊಡುತ್ತಾರೆ ಎಂಬುದು ಇನ್ನೊಂದು ಲೇಖನದ ವಿಷಯ. ಸಂತೆಯಲ್ಲಿ ಮೊದಲ ಹೋಳು ಕಲ್ಲಂಗಡಿಯನ್ನು ಯಾಕೆ ಪುಕ್ಕಟೆ ಕೊಡುತ್ತಾರೋ ಅದೇ ಕಾರಣ ಎಂದು ನನ್ನ ಅನುಮಾನ. ತೆರಿಗೆಯ ಮಾತು ಬಂದದ್ದರಿಂದ ಇದೂ ಇರಲಿ: ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅದೇ ಪುಸ್ತಕ ಪರದೆಗೆ ಬಂದರೆ ತೆರಿಗೆ ಇದೆ. 2018ರಲ್ಲಿ ಅದನ್ನು ಶೇ. 18ರಿಂದ 5ಕ್ಕೆ ಇಳಿಸಿದರು.

ಭಾರತದ ಬೆಲೆ ಎಂದರೆ ಯಾರ ಬೆಲೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡಿತು. ರಾಜ್ಯದ ಆರ್ಥಿಕ ಸಮೀಕ್ಷೆಯಲ್ಲಿ ತಲಾ ಆದಾಯದ ಪಟ್ಟಿ ಇರುತ್ತದೆ. ಈಚಿನ ವರ್ಷಗಳಲ್ಲಿ ಬೆಂಗಳೂರು ನಗರ ಜಿಲ್ಲೆ ಎಲ್ಲಕ್ಕಿಂತ ಮೇಲೆ, ನಮ್ಮ ಕಲಬುರಗಿ ಎಲ್ಲಕ್ಕಿಂತ ಕೆಳಗೆ. ನಡುವಿನ ಅಂತರ ಸುಮಾರು ಐದು ಪಟ್ಟು. ಗೋಡೆ ಕಟ್ಟುವವರು ದೇಶದ ಗಡಿಗೆ ಕಟ್ಟುತ್ತಾರೆ, ಬೆಲೆ ಇಡುವಾಗ ಬೆಂಗಳೂರು, ಮುಂಬೈಯ ಜೇಬು ನೋಡುತ್ತಾರೆ. ಆ ಗೋಡೆಯೊಳಗೆ ನಾವೂ ಇದ್ದೇವೆ. ಜಿಲ್ಲೆಗೊಂದು ಬೆಲೆ ಇಡಿ ಎನ್ನಲಾಗದು. ಅದರ ಬದಲಿಗೆ ಇರುವುದೇ ವಿದ್ಯಾರ್ಥಿ ರಿಯಾಯಿತಿ. ತಂಗಿಗಾಗಿ ಅದಕ್ಕೂ ಪ್ರಯತ್ನ ಮಾಡಿದೆ. ಕಾಲೇಜಿನ ಹೆಸರು ಆರಿಸಿ ಎಂದಿತು. ಪಟ್ಟಿಯಲ್ಲಿ ವಿಶ್ವವಿದ್ಯಾಲಯಗಳಿದ್ದವು, ಎಂಜಿನಿಯರಿಂಗ್ ಕಾಲೇಜುಗಳಿದ್ದವು, ಒಂದೂ ಪಿಯು ಕಾಲೇಜು ಇರಲಿಲ್ಲ. ಅವರ ಲೆಕ್ಕದಲ್ಲಿ ನಾವು ಶಾಲೆಯೂ ಅಲ್ಲ, ಕಾಲೇಜೂ ಅಲ್ಲ. ಕಾಲೇಜಿನ ಹೆಸರಿನಲ್ಲಿ ನಮಗೆಲ್ಲ ಒಂದು ಇಮೇಲ್ ಐಡಿ ಕೊಟ್ಟರೆ ಕೆಲವು ಕಡೆಯಾದರೂ ಬಾಗಿಲು ತೆರೆಯಬಹುದು. ಪ್ರಿನ್ಸಿಪಾಲ್ ಸಾಹೇಬರು ಇದನ್ನು ಓದುತ್ತಾರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಕೆಲವು ಕಡೆ ಬೆಲೆಯ ಮಾತೇ ಇಲ್ಲ, ಮಾರಾಟವೇ ಇಲ್ಲ. ಅಮೆಜಾನ್ 2016ರ ಡಿಸೆಂಬರಿನಲ್ಲಿ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳನ್ನು ತಂದಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಅದರಲ್ಲಿ ಇರಲಿಲ್ಲ. ಅಕ್ಕಲಕೋಟದ ಓದುಗ ತನ್ನ ಭಾಷೆಯ ಪುಸ್ತಕ ಕೊಳ್ಳಬಹುದಿತ್ತು, ಅಲ್ಲಿಂದ ಸ್ವಲ್ಪ ದೂರದ ಆಳಂದದ ಓದುಗನಿಗೆ ಕೊಡಲು ಹಣವಿದ್ದರೂ ಅಂಗಡಿಯಲ್ಲಿ ಅವನ ಲಿಪಿಗೆ ಕಪಾಟು ಇರಲಿಲ್ಲ. ಅಂಥ ಕಡೆ ನಮ್ಮವರೇ ಅಂಗಡಿ ಹಾಕಬೇಕಾಗುತ್ತದೆ. ಮೈಲ್ಯಾಂಗ್ ಎಂಬ ಆ್ಯಪ್ ಕನ್ನಡ ಇ-ಪುಸ್ತಕ, ಕೇಳುಪುಸ್ತಕಗಳನ್ನು ಮಾರುತ್ತಿರುವುದು ಹಾಗೆ. ಉರ್ದು ಓದುವವರಿಗೆ ರೇಖ್ತಾ ತಾಣದಲ್ಲಿ ಸಾವಿರಾರು ಪುಸ್ತಕ ಪುಕ್ಕಟೆ ಇವೆ, ಯಾವ ದೇಶದಿಂದ ಬೇಕಾದರೂ ಓದಬಹುದು.

ಇನ್ನೊಂದು ದಾರಿ ದೇಶವೇ ಒಟ್ಟಾಗಿ ಕೊಳ್ಳುವುದು. ಸಂಶೋಧನಾ ಪತ್ರಿಕೆಗಳ ಒಂದೊಂದು ಲೇಖನಕ್ಕೆ ಮೂವತ್ತು ನಲವತ್ತು ಡಾಲರ್ ಕೇಳುತ್ತಾರೆ, ಅಲ್ಲಿ ನಮಗೆಂದು ರೂಪಾಯಿ ಬೆಲೆ ಇಲ್ಲ. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಂದು ರಾಷ್ಟ್ರ ಒಂದು ಚಂದಾ ಎಂಬ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿತು. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು 6,300 ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ 2025ರಿಂದ ಸಿಗುವಂತಾಯಿತು. ನಮ್ಮ ಆಳಂದ ತಾಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದವರಿಗೆ ಈ ಬಾಗಿಲು ತೆರೆದಿದೆ. ಪಿಯು ಕಾಲೇಜುಗಳು, ಖಾಸಗಿ ಆಡಳಿತದ ಸಂಸ್ಥೆಗಳು ಸದ್ಯಕ್ಕೆ ಹೊರಗೆ. ಆಳಂದದ ಬಸ್ಸು ಕಡಗಂಚಿಯ ಮುಂದೆಯೇ ಹೋಗುತ್ತದೆ. ಊರಿಗೆ ಹೋಗುವಾಗ ಪ್ರತಿ ಶನಿವಾರ ಆ ಗೇಟು ನೋಡುತ್ತೇನೆ. ನಮ್ಮ ಬಯಾಲಜಿ ಮೇಡಂ ಬೇಕಾದ ಲೇಖನಗಳನ್ನು ಅಲ್ಲಿ ಓದುವ ತಮ್ಮ ಹಳೆಯ ವಿದ್ಯಾರ್ಥಿಯನ್ನು ಕೇಳುತ್ತಾರಂತೆ.

ಮಾಮುವಿನ ಕಾರ್ಡಿನ ಗತಿ ಏನಾಯಿತು ಎಂದು ಹೇಳಿಬಿಡುತ್ತೇನೆ. ನಂಬರು ಯಾರ ಅಕೌಂಟಿಗೂ ಸೇರಿರಲಿಲ್ಲವಾದ್ದರಿಂದ ಹಾಳಾಗಿರಲಿಲ್ಲ. ಮಾಮು ಅದನ್ನು ತಮ್ಮ ರೂಮಿನಲ್ಲಿರುವ ಹೈದರಾಬಾದಿನ ಹುಡುಗನಿಗೆ ಕೊಟ್ಟರು. ಅವನ ಅಕೌಂಟು ಸೌದಿಯದು, ಕೂಡಲೇ ನಡೆಯಿತು, ಅವನು 50 ರಿಯಾಲ್ ಎಣಿಸಿ ಕೊಟ್ಟ. ಆ ತಿಂಗಳ ಹಣದ ಜೊತೆ ಅದೂ ನಾನಿಯ ಬ್ಯಾಂಕ್ ಅಕೌಂಟಿಗೆ ಬಂತು. ಆಮೇಲೆ ಆ್ಯಪಿನ ಬೆಲೆಯನ್ನು ತಂಗಿಯ ಫೋನಿನಲ್ಲೇ ನೋಡಿದರೆ, ಜಿದ್ದಾದಲ್ಲಿ ಮಾಮು ಹೇಳಿದ್ದ ಬೆಲೆಯ ಅರ್ಧಕ್ಕಿಂತ ಕಡಿಮೆ. ಅಬ್ಬಾನ ಯುಪಿಐನಿಂದ ಕೊಂಡೆವು. ಉಳಿದ ಹಣದಲ್ಲಿ ಅವಳು ಹಳೆಯ ನೀಟ್ ಪ್ರಶ್ನೆಪತ್ರಿಕೆಗಳ ಪುಸ್ತಕ ತಂದಳು, ಕಾಗದದ್ದು. ಈಗಾಗಲೇ ಪಕ್ಕದ ಮನೆಯ ಹುಡುಗಿ ಬಂದು, ನಿಂದು ಮುಗಿದ ಮೇಲೆ ನನಗೆ ಕೊಡ್ತಿಯೇನು ಅಂತ ಕೇಳಿಟ್ಟಿದ್ದಾಳೆ.